ಮೂರರ ತೂಕ

ಜೂನ್ 11

ಇವಳೇ,

ನೀನು ತರಬೇತಿಗೆ ಅಂತ ದೊಡ್ಡ ಕಾರ್ಖಾನೆಗೆ ಹೋದ ಮೇಲೆ ಇಲ್ಲಿ ನಿನ್ನ ಕುರ್ಚಿಗೆ ಅಕೌಂಟ್ಸಿನ ಕನ್ನಡಕದವರನ್ನು ತಂದು ಕೂರಿಸಿದ್ದಾರೆ. ಮನುಷ್ಯ ಒಳ್ಳೆಯವರೇ. ಆದರೆ ನಾನು ಬಟ್ಟಲಿನ ಟೀ ಸೊರ್ರೆಂದು ಹೀರಿ, ಬಾಯಲ್ಲಿ ತಿರುಗಿಸಿ, ಉಗುಳಿ, "ಏಳು" ಅಂದರೆ ಅವರು ಎದ್ದು ನಿಲ್ಲುತ್ತಾರೆ. "ಅಂಕ ಸ್ವಾಮಿ, ಹತ್ತಕ್ಕೆ ಏಳು, ಕೂತ್ಕೊಳ್ಳಿ" ಅಂತ ನಾನೇ ಕೂರಿಸಬೇಕು.

ನಿನ್ನೆ ಇದ್ದದ್ದು ಎರಡೇ ಲಾಟ್. ಒಂದಕ್ಕೆ ಏಳು ಕೊಟ್ಟೆ, ಅದು ಇನ್ನೂರು ಕಿಲೋ. ಇನ್ನೊಂದಕ್ಕೆ ಐದು, ಅದು ಮುನ್ನೂರು ಕಿಲೋ. ಎರಡೂ ಬೆರೆಸಿದ ಬ್ಲೆಂಡಿಗೆ ಎಷ್ಟು ಬೀಳುತ್ತೆ ಅಂತ ಕೇಳಿದರೆ ತಡಮಾಡದೆ "ಆರು" ಅಂದರು. ಏಳೂ ಐದೂ ಹನ್ನೆರಡು, ಅದರ ಅರ್ಧ ಆರು. "ಐದರ ಪುಡಿಯೇ ಜಾಸ್ತಿ ಇದೆಯಲ್ಲ, ಅದರ ತೂಕ ಎಲ್ಲಿ ಹೋಯ್ತು?" ಅಂದೆ. ಹಾಗಾದರೆ ಇರಿ ಅಂತ ಆಫೀಸಿನ ಹೊಸ ಕ್ಯಾಲ್ಕುಲೇಟರ್ ತೆಗೆದು, ಕಿಲೋ ಒತ್ತಿ ಎಂಟರ್, ಅಂಕ ಒತ್ತಿ ಲೆಕ್ಕಕ್ಕೆ ಸೇರಿಸುವ ಸಿಗ್ಮಾ ಗುಂಡಿ, ಮತ್ತೆ ಕಿಲೋ, ಮತ್ತೆ ಅಂಕ, ಕೊನೆಗೆ ತೂಕದ ಸರಾಸರಿಯ ಗುಂಡಿ ಒತ್ತಿ, ಬಹಳ ಗಂಭೀರವಾಗಿ ಹೇಳಿದರು: "ಇನ್ನೂರ ನಲವತ್ತೊಂದು ಪಾಯಿಂಟ್ ಆರು ಏಳು." ಹತ್ತಕ್ಕೆ! ಅಷ್ಟು ಒಳ್ಳೆಯ ಟೀ ಪುಡಿ ಭೂಮಿಯ ಮೇಲೆ ಎಲ್ಲೂ ಸಿಕ್ಕಲಿಕ್ಕಿಲ್ಲ.

ಅಂಕ ಮೊದಲು, ತೂಕ ಆಮೇಲೆ. ನೀನು ಇದನ್ನು ಒಂದು ದಿನವೂ ಹಿಂದುಮುಂದು ಮಾಡಿದವಳಲ್ಲ. ನೀನಿದ್ದಿದ್ದರೆ ನಾನು ಬಾಯಿ ಒರೆಸಿಕೊಳ್ಳುವಷ್ಟರಲ್ಲಿ "ಐದು ಪಾಯಿಂಟ್ ಎಂಟು" ಅಂದಿರುತ್ತಿದ್ದೆ.

ಮದುವೆಯಾದ ವರ್ಷ ಬಳೆ ಬೇಕಾ ಸರ ಬೇಕಾ ಅಂತ ಕೇಳಿದರೆ, ಬ್ಯಾಂಕಿನವರು ಬಡ್ಡಿ ಲೆಕ್ಕಕ್ಕೆ ಇಟ್ಟುಕೊಳ್ಳುವಂಥ ಫೈನಾನ್ಷಿಯಲ್ ಕ್ಯಾಲ್ಕುಲೇಟರ್ ಬೇಕು ಅಂದವಳು ನೀನು. ಅಂಗಡಿಯವನು ನನ್ನನ್ನು ನೋಡಿ ಮರುಕದಿಂದ ಪ್ಯಾಕ್ ಮಾಡಿಕೊಟ್ಟಿದ್ದ. ಬಡ್ಡಿಯ ಗುಂಡಿಯನ್ನು ನೀನು ಇವತ್ತಿನವರೆಗೂ ಮುಟ್ಟಿಲ್ಲ, ಸಿಗ್ಮಾ ಗುಂಡಿಯ ಅಕ್ಷರ ಮಾತ್ರ ಸವೆದು ಹೋಗಿದೆ. ನಾನು ಹೇಳಿದ ಅಂಕಗಳಿಂದಲೇ ಸವೆದದ್ದು.

ಅಮ್ಮ ಚೆನ್ನಾಗಿದ್ದಾಳೆ. ಫೋನ್ ಮಾಡು ಅಂತಾಳೆ. ಆಫೀಸಿನ ಫೋನ್ ಮ್ಯಾನೇಜರ ಮೇಜಿನ ಮೇಲೆ, ನಾನು ಹಲೋ ಅಂದರೆ ಇಡೀ ಆಫೀಸಿಗೆ ಕಿವಿ ಮೂಡುತ್ತೆ. ಅದಕ್ಕೇ ಕಾಗದ.

ಅಲ್ಲಿ ನಿನಗೆ ಅಂಕ ಹೇಳುವವರು ಯಾರು? ಹೇಗಿದ್ದಾರೆ? ವಯಸ್ಸೆಷ್ಟು? ಸುಮ್ಮನೆ ಕೇಳಿದೆ.

ಇಂತಿ,
ನಿನ್ನ ಎದುರು ಮೇಜಿನವನು

*

ಜೂನ್ 19

ಇವರಿಗೆ,

ಕನ್ನಡಕದವರನ್ನು ಬೈಯಬೇಡಿ. ಮೊದಲ ವಾರ ನಾನೂ ನೀವು "ಏಳು" ಅಂದಾಗ ಎದ್ದಿದ್ದೆ. ನೀವು ನೋಡಿರಲಿಲ್ಲ, ಬಟ್ಟಲೊಳಗೆ ಮುಖ ಹಾಕಿದ್ದಿರಿ.

ಹಾಸ್ಟೆಲ್ ರೂಮು ಚಿಕ್ಕದು. ಬೀರುವಿನ ಬಾಗಿಲು ಮುಚ್ಚುವುದಿಲ್ಲ, ಕಾಗದ ಮಡಿಸಿ ಸಂದಿಗೆ ಇಟ್ಟಿದ್ದೇನೆ. ಕಿಟಕಿಯ ಕೆಳಗೆ ಚಪ್ಪಲಿ ರಿಪೇರಿ ಅಂಗಡಿ, ಬೆಳಿಗ್ಗೆ ಅವನ ಸುತ್ತಿಗೆಯೇ ನನ್ನ ಅಲಾರಂ. ಕಾರ್ಖಾನೆಗೆ ನಡೆದೇ ಹೋಗುತ್ತೇನೆ.

ರುಚಿಯ ಕೋಣೆ ನಮ್ಮದರ ನಾಲ್ಕು ಪಟ್ಟು ಇದೆ. ಗೋಡೆಯುದ್ದಕ್ಕೂ ಬಿಳಿ ಕಲ್ಲಿನ ಕಟ್ಟೆ, ಬಟ್ಟಲುಗಳ ಸಾಲು ನೋಡಿದರೆ ಕೊನೆ ಕಾಣುವುದಿಲ್ಲ. ಬಂದ ದಿನ ಕ್ಯಾಲ್ಕುಲೇಟರ್ ತೆಗೆದರೆ ನೀವು ಕೊನೆಗೆ ಹೇಳಿದ ಲಾಟಿನ ಅಂಕಗಳು ಇನ್ನೂ ಒಳಗೇ ಇದ್ದವು. ನಿಮಗೆ ಗೊತ್ತಲ್ಲ, ಆರಿಸಿದರೂ ಇದು ಮರೆಯುವ ಜಾತಿಯಲ್ಲ. ಅಳಿಸಿ ಶುರು ಮಾಡಿದೆ.

ಅಂಕ ಹೇಳುವವರನ್ನು ಎಲ್ಲರೂ ಸೊರ್ ಸಾಹೇಬರು ಅನ್ನುತ್ತಾರೆ. ಅವರು ಹೀರುವ ಸದ್ದು ಗೇಟಿನ ಕಾವಲುಗಾರನಿಗೂ ಕೇಳುತ್ತದಂತೆ. ನಿಮ್ಮ ಹಾಗೆ ಪೂರ್ತಿ ಅಂಕ ಹೇಳುವುದಿಲ್ಲ, ಆರೂವರೆ, ಏಳೂಕಾಲು, ಹೀಗೆ. ಬಣ್ಣದ ಮೇಲೆ ಬಹಳ ಮೋಹ, ಬಟ್ಟಲಲ್ಲಿ ಕೆಂಪಗೆ ಹೊಳೆಯಬೇಕು, ಇಲ್ಲದಿದ್ದರೆ ಮುಖ ಸಿಂಡರಿಸುತ್ತಾರೆ. ಒಂದು ಒಳ್ಳೆಯ ಗುಣ ಇದೆ. ಒಂದು ಅಂಕ ಹೇಳಿದ ಮೇಲೆ ನಾನು ಒತ್ತಿ ಬೆರಳು ಎತ್ತುವವರೆಗೆ ಕಾಯುತ್ತಾರೆ, ಆಮೇಲೆಯೇ ಮುಂದಿನದು. ನೀವು ಒಂದಾದ ಮೇಲೊಂದು ಉಗುಳಿಕೊಂಡೇ ಹೋಗುತ್ತೀರಿ, ನಾನು ಹಿಂದೆ ಓಡಬೇಕು. ಇಷ್ಟು ವರ್ಷ ಓಡಿ ಅಭ್ಯಾಸವಾಗಿ, ಇಲ್ಲಿ ಮೊದಲ ದಿನ ಕೈ ಖಾಲಿ ಖಾಲಿ ಅನ್ನಿಸಿತು.

ವಯಸ್ಸು ನಿಮಗಿಂತ ಎರಡು ವರ್ಷ ಕಡಿಮೆ ಇರಬಹುದು. ಸುಮ್ಮನೆ ಹೇಳಿದೆ.

ಅತ್ತೆಗೆ ಮಂಡಿಗೆ ಎಣ್ಣೆ ಹಚ್ಚಲು ನೆನಪಿಸಿ.

ನಿಮ್ಮವಳು

*

ಜೂನ್ 24

ಇವಳೇ,

"ಅಳಿಸಿ ಶುರು ಮಾಡಿದೆ." ಎಷ್ಟು ಸಲೀಸಾಗಿ ಬರೆದಿದ್ದೀಯ! ರೈಲಿಳಿದು ಧೂಳು ಕೊಡವಿಕೊಂಡ ಹಾಗೆ.

ಹೌದು, ಅಳಿಸದಿದ್ದರೆ ಹಳೆಯ ಅಂಕ ಹೊಸ ಲೆಕ್ಕಕ್ಕೆ ಸೇರಿಬಿಡುತ್ತೆ, ಗೊತ್ತು. ನನಗೆ ಲೆಕ್ಕ ಹೇಳಿಕೊಡಬೇಡ. ಬೇರೆ ಯಂತ್ರ ತೆಗೆದುಕೊಳ್ಳಬಹುದಿತ್ತಲ್ಲ? ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಇನ್ನೊಂದು ಕ್ಯಾಲ್ಕುಲೇಟರ್ ಇಲ್ಲವೇ? ನಾನು ಕೊಂಡುಕೊಟ್ಟ ಯಂತ್ರದೊಳಗೆ ದಿನವಿಡೀ ಇನ್ನೊಬ್ಬನ ಆರೂವರೆ, ಏಳೂಕಾಲು! ಕಾಲು ಅಂಕ ಅಂತೆ. ನಾಲಿಗೆಗೆ ಧೈರ್ಯ ಇಲ್ಲದವರು ಕಾಲು ಅರ್ಧ ಅಂತ ಹೇಳುವುದು. ಏಳು ಅಂದರೆ ಏಳು, ಎಂಟು ಅಂದರೆ ಎಂಟು.

ಕಾಯುತ್ತಾರಂತೆ. ನಿನ್ನ ಬೆರಳು ಏಳುವುದನ್ನು ನೋಡುತ್ತಾ ಕಾಯುತ್ತಾರೆ ಅಂದರೆ ಅವರ ಕಣ್ಣು ಬಟ್ಟಲಲ್ಲಿ ಇಲ್ಲ ಅಂತಾಯಿತು. ರುಚಿ ನೋಡುವವನ ಕಣ್ಣು ಬಟ್ಟಲಲ್ಲಿರಬೇಕು.

ಬೀರುವಿಗೆ ಒಂದು ಸಾಲು, ಚಪ್ಪಲಿ ಅಂಗಡಿಗೆ ಒಂದು ಸಾಲು, ನನ್ನ ತಾಯಿಯ ಮಂಡಿಗೆ ಒಂದು ಸಾಲು, ಆ ಸೊರ್ ಸಾಹೇಬರಿಗೆ ಇಡೀ ಪುಟ. ನೀನೇ ಹೇಳುತ್ತಿದ್ದ ಮಾತು: ತೂಕ ಎಲ್ಲಿ ಜಾಸ್ತಿಯೋ ಸರಾಸರಿ ಅತ್ತ ವಾಲುತ್ತೆ. ನಿನ್ನ ಕಾಗದ ಎತ್ತ ವಾಲಿದೆ ಅಂತ ನೀನೇ ತೂಗಿ ನೋಡು.

ಕಾಗದ ಓದುತ್ತಿದ್ದಾಗ ಅಮ್ಮ ನನ್ನ ಮುಖ ನೋಡಿ, "ನಿಂಗೆ ಹೊಟ್ಟೆಕಿಚ್ಚು ಕಣೋ" ಅಂದಳು. ಇಲ್ಲಮ್ಮ ಅಂದೆ. ಇದೆ. ಸುಳ್ಳು ಯಾಕೆ ಹೇಳಲಿ? ನೀನು ಅಲ್ಲಿ ಕೂತು ಆ ಮನುಷ್ಯ ಬಾಯಿ ಬಿಡುವುದನ್ನೇ ಎದುರು ನೋಡುತ್ತೀಯ ಅಂತ ನೆನೆಸಿಕೊಂಡರೆ ನನಗೆ ಮಧ್ಯಾಹ್ನದ ಊಟ ಇಳಿಯುವುದಿಲ್ಲ. ನನ್ನ ಬಾಯನ್ನು ಹಾಗೆ ಕಾದವಳು ನೀನೊಬ್ಬಳೇ.

ಇಂತಿ,
ಕಾಯಲು ಬಾರದವನು

*

ಜುಲೈ 20

ಇವರಿಗೆ,

ತಿಂಗಳ ಹತ್ತಿರ ಕಾಗದ ಬರೆಯಲಿಲ್ಲ. ಕೆಲಸ ಇತ್ತು, ಸಿಟ್ಟೂ ಇತ್ತು. ಯಾವುದಕ್ಕೆ ತೂಕ ಜಾಸ್ತಿ ಅಂತ ನೀವೇ ಒತ್ತಿ ನೋಡಿಕೊಳ್ಳಿ.

ಸೊರ್ ಸಾಹೇಬರ ವಿಷಯ ಇನ್ನು ಬರೆಯುವುದಿಲ್ಲ. ಬರೆದರೆ ಒಂದು ಕಷ್ಟ, ಬರೆಯದಿದ್ದರೆ ಮುಚ್ಚಿಟ್ಟಳು ಅನ್ನುತ್ತೀರಿ. ಅದಕ್ಕೇ ಬರೆಯುವುದಿಲ್ಲ ಅಂತ ಬರೆದೇ ಹೇಳುತ್ತಿದ್ದೇನೆ.

ಈಗ ಕೆಲಸದ ಮಾತು. ಮುಂದಿನ ವಾರ ನಿಮಗೆ ಮೂರು ಬ್ಲೆಂಡ್‌ಗಳ ಸ್ಯಾಂಪಲ್ ಬರುತ್ತೆ, ಮೇಲೆ ನಂಬರ್ ಮಾತ್ರ ಇರುತ್ತೆ. ಯಾವುದು ಯಾರದು ಅಂತ ನನಗೆ ಗೊತ್ತು, ಹೇಳುವಂತಿಲ್ಲ, ಸಹಿ ಮಾಡಿದ್ದೇನೆ. ಇಲ್ಲಿನ ಕಾರ್ಖಾನೆಯ ಮುಖ್ಯಸ್ಥೆ ದೊಡ್ಡ ಮೇಡಂ ಒಂದು ಅಂಕ ಕೊಡುತ್ತಾರೆ, ಇಲ್ಲಿನ ರುಚಿಗಾರರು ಒಂದು ಕೊಡುತ್ತಾರೆ. ಅವರಿಬ್ಬರ ಅಂಕಕ್ಕೆ ಒಂದೊಂದು ತೂಕ. ಹೊರಗಿನ ರುಚಿಗಾರನ ಅಂಕಕ್ಕೆ ಮೂರು ತೂಕ. ಹೊರಗಿನ ನಾಲಿಗೆಗೆ ಮುಖ ನೋಡಿ ಮಣೆ ಹಾಕುವ ಅಭ್ಯಾಸ ಇರುವುದಿಲ್ಲ ಅಂತ ಹಾಗೆ. ಕೊನೆಯ ಸರಾಸರಿ ಆರಕ್ಕಿಂತ ಕೆಳಗಿಳಿದರೆ ಬ್ಲೆಂಡ್ ಬಿದ್ದುಹೋಯಿತು ಅಂತಲೇ.

ಹೊರಗಿನವರು ಯಾರಾಗಲಿ ಅಂತ ಮೇಡಂ ಕೇಳಿದಾಗ ನಾನು ನಿಮ್ಮನ್ನು ಹೇಳಿದೆ. "ನಿಮ್ಮ ಯಜಮಾನರು ಅಂತಲಾ?" ಅಂದರು. "ಅಲ್ಲ ಮೇಡಂ, ಮದುವೆಯಾದ ಹೊಸದ್ರಲ್ಲಿ ನಾನ್ ಮಾಡಿದ ಟೀಗೆ ನಾಲ್ಕು ಕೊಟ್ಟು, ಹೆತ್ತತಾಯಿ ಮಾಡಿದ ಟೀಗೆ ಮೂರು ಕೊಟ್ಟ ಮನುಷ್ಯ ಅವರು" ಅಂದೆ. ನಕ್ಕು ಒಪ್ಪಿದರು.

ಇನ್ನೊಂದು. ಇಲ್ಲಿ ಬ್ಲೆಂಡ್ ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಿದೆ. ನನ್ನ ಹೆಸರೂ ಮಾತಿನಲ್ಲಿದೆ. ಆಗಸ್ಟ್ ಕೊನೆಗೆ ತೀರ್ಮಾನ. ಸಿಕ್ಕರೆ ನಾನು ಇಲ್ಲೇ ಉಳಿಯಬೇಕಾಗುತ್ತೆ. ನನಗೆ ಆಸೆ ಇದೆ, ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ, ಬಹಳ ಆಸೆ ಇದೆ. ನಿಮಗೆ ಏನನ್ನಿಸುತ್ತೆ?

ನಿಮ್ಮವಳು

*

ಆಗಸ್ಟ್ 2

ಇವಳೇ,

ಸ್ಯಾಂಪಲ್ ಬಂತು. ನಿನ್ನೆ ಬೆಳಿಗ್ಗೆ ಬಾಯಿ ತೊಳೆದು, ಏನೂ ತಿನ್ನದೆ, ಮೂರನ್ನೂ ನೋಡಿದೆ. ಅಂಕದ ಚೀಟಿ ಮುಚ್ಚಿ ಇವತ್ತಿನ ಟಪಾಲಿಗೇ ಹಾಕಿದ್ದೇನೆ.

ಒಂದನೇ ನಂಬರಿಗೆ ಆರು. ಯಾರೋ ಹೆದರಿ ಹೆದರಿ ಮಾಡಿದ್ದು, ಆದರೆ ತಪ್ಪಿಲ್ಲ. ಮೂರನೆಯದಕ್ಕೆ ಏಳು.

ಎರಡನೆಯದನ್ನು ಹೀರಬೇಕಾಗಿಯೂ ಇರಲಿಲ್ಲ. ಬಟ್ಟಲಿಗೆ ಬಗ್ಗಿಸುತ್ತಿದ್ದ ಹಾಗೆ ಗೊತ್ತಾಯಿತು. ಕೆಂಪಗೆ ಥಳಥಳ, ಮದುಮಗಳ ಹಾಗೆ. ಬಣ್ಣದ ಮೋಹದವರ ಕೈಕೆಲಸ. ನೀನು ಸಹಿ ಮಾಡಿದ್ದೀಯ, ಬಾಯಿ ಬಿಡಬೇಡ, ನಾನೇನೂ ಕೇಳುವುದಿಲ್ಲ. ಮೂರು ಕೊಟ್ಟೆ. "ತೋರಿಕೆ ಬಹಳ, ಸತ್ವ ಇಲ್ಲ" ಅಂತ ಷರಾ ಬರೆದೆ. ನನ್ನ ಅಂಕಕ್ಕೆ ಮೂರು ತೂಕ ಅಲ್ಲವೇ? ಇನ್ನು ಕಾಲು ಅರ್ಧ ಅಂತ ಎಣಿಸಿಕೊಂಡು ಕೂರಲಿ. ಬಹಳ ದಿನದ ಮೇಲೆ ನಿನ್ನೆ ಹೊಟ್ಟೆ ತುಂಬ ಊಟ ಮಾಡಿದೆ.

ಕನ್ನಡಕದವರು ಚೀಟಿ ನೋಡಿ, "ಬಟ್ಲು ಸರಿಯಾಗಿ ಮುಟ್ಲೇ ಇಲ್ಲವಲ್ಲ ಸಾರ್" ಅಂದರು. ನಲವತ್ತು ಬಟ್ಟಲು ನೋಡುವ ನಾಲಿಗೆಗೆ ಒಂದು ತೊಟ್ಟು ಸಾಕು ಅಂದೆ.

ಹುದ್ದೆಯ ವಿಷಯ ಕೇಳಿದ್ದೀಯ. ನನ್ನನ್ನು ಯಾಕೆ ಕೇಳುತ್ತೀಯ? ಅಲ್ಲಿ ಕಾಯುವವರಿದ್ದಾರೆ, ಅವರನ್ನು ಕೇಳು. ನಿನಗೆ ಹೇಗೆ ಬೇಕೋ ಹಾಗೆ ಮಾಡು. ಇಲ್ಲಿ ನಿನ್ನ ಕುರ್ಚಿಗೆ ಹೇಗೂ ಕನ್ನಡಕದವರು ಒಗ್ಗಿಕೊಂಡಿದ್ದಾರೆ.

ಇಂತಿ,
ಹೊರಗಿನ ರುಚಿಗಾರ

*

ಆಗಸ್ಟ್ 16

ಇವಳೇ,

ಯಾಕೆ ಉತ್ತರ ಇಲ್ಲ? ಚೀಟಿ ತಲುಪಿತಾ?

ಹೋದ ಕಾಗದದ ಕೊನೆಯ ಸಾಲುಗಳನ್ನು ಮರೆತುಬಿಡು. ಕುರ್ಚಿಗೆ ಯಾರೂ ಒಗ್ಗಿಕೊಂಡಿಲ್ಲ. ಅಮ್ಮ ನಿನ್ನನ್ನೇ ಕೇಳುತ್ತಾಳೆ.

ಇಂತಿ,
ನಾನೇ

*

ಆಗಸ್ಟ್ 27

ಇವರಿಗೆ,

ಎರಡನೇ ನಂಬರ್ ಸೊರ್ ಸಾಹೇಬರದಲ್ಲ. ನನ್ನದು.

ಜುಲೈಯಿಂದ ದೊಡ್ಡ ಮೇಡಂ ನನ್ನನ್ನೇ ಬಟ್ಟಲ ಮುಂದೆ ನಿಲ್ಲಿಸಿದ್ದರು. ಲೆಕ್ಕ ಮಾಡುವವಳಿಗೆ ರುಚಿಯೂ ಗೊತ್ತಿರಬೇಕು ಅಂತ. ಇಷ್ಟು ವರ್ಷ ನಿಮ್ಮ ಬಾಯಿಂದ ಬಂದ ಅಂಕಗಳನ್ನು ಒತ್ತಿದವಳು ಮೊದಲ ಸಲ ನನ್ನ ಬಾಯಿಂದ ಅಂಕ ಹೇಳಿದೆ. "ಏಳು" ಅನ್ನಲು ಹೋಗಿ ಕೆಮ್ಮು ಬಂತು. ಎದುರು ಕೂತು ಒತ್ತಿದವರು ಸೊರ್ ಸಾಹೇಬರು. ನನ್ನ ಯಂತ್ರವನ್ನು ಅವರ ಕೈಗೆ ಕೊಡಲಿಲ್ಲ. ಆಫೀಸಿನದರಲ್ಲಿ ಒತ್ತಿದರು, ಎರಡು ಸಲ ತಪ್ಪಿದರು. ನೀವು ಕೇಳುತ್ತೀರಿ ಅಂತ ಬರೆದೆ.

ಹುದ್ದೆ ಬೇಕಾದವರು ಸ್ವಂತದ ಒಂದು ಬ್ಲೆಂಡ್ ಮಾಡಿ ಆರು ಮುಟ್ಟಿಸಬೇಕಿತ್ತು. ಒಂದನೆಯದೂ ಮೂರನೆಯದೂ ನನ್ನ ಹಾಗೇ ಹುದ್ದೆ ಕೇಳಿದ ಇನ್ನಿಬ್ಬರದು. ನನ್ನದರ ಅರ್ಧ ತೂಕ ನಿಮಗೆ ಪ್ರಾಣವಾದ ಆ ಹೊಗೆವಾಸನೆಯ ಎಲೆ. ನಿಮ್ಮ ನಾಲಿಗೆಗೆ ಹಿಡಿಸಲಿ ಅಂತಲೇ ಹಾಕಿದ್ದೆ. ಬಣ್ಣವೊಂದೇ ಇಲ್ಲಿ ಕಲಿತದ್ದು. ನೀವು ಬಣ್ಣ ನೋಡಿದಿರಿ, ಬಾಯಿ ಮುಚ್ಚಿದಿರಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ, ನಿಮಗೆ ಕೆಂಪು.

ಚೀಟಿಗಳನ್ನು ತೆರೆದ ದಿನ ಲೆಕ್ಕವನ್ನು ನನ್ನ ಕೈಗೇ ಕೊಟ್ಟರು. ನನ್ನದೇ ಬ್ಲೆಂಡ್, ನನ್ನದೇ ಯಂತ್ರ. ಸೊರ್ ಸಾಹೇಬರದು ಅಪರೂಪಕ್ಕೆ ಪೂರ್ತಿ ಅಂಕ, ಏಳು. ಏಳು ಎಂಟರ್, ಒಂದು ಸಿಗ್ಮಾ. ಪರದೆಯ ಮೇಲೆ ಒಂದು ಅಂತ ಬಂತು. ಮೇಡಂ ಕೊಟ್ಟದ್ದು ಎಂಟು. ಎಂಟು ಎಂಟರ್, ಒಂದು ಸಿಗ್ಮಾ. ಎರಡು ಅಂತ ಬಂತು. ಆಮೇಲೆ ನಿಮ್ಮ ಚೀಟಿ ಬಿಡಿಸಿದೆ. ಮೂರು ಎಂಟರ್, ಮೂರು ಸಿಗ್ಮಾ. ಪರದೆಯ ಮೇಲೂ ಮೂರು. ನೀವು ನನಗೆ ಹಾಕಿದ ಮೂರು ನಾಮ ಸರಿಯಾಗಿ ಕೂತಿದೆ ಅಂತ ಅಲ್ಲೇ ನಗು ಬಂತು, ಎಲ್ಲರೂ ನನ್ನನ್ನು ನೋಡಿದರು. ಸರಾಸರಿ ನಾಲ್ಕು ಪಾಯಿಂಟ್ ಎಂಟು.

ಸೊರ್ ಸಾಹೇಬರು ಪೆನ್ಸಿಲ್ ತೆಗೆದು ಏಳು, ಎಂಟು, ಮೂರು ಕೂಡಿಸಿ ಮೂರರಿಂದ ಭಾಗಿಸಿ, "ಎಲ್ಲರಿಗೂ ಒಂದೇ ತೂಕ ಹಾಕಿದ್ರೆ ಸರಿಯಾಗಿ ಆರು ಬರ್ತಿತ್ತು ನೋಡಿ, ಪಾಸು" ಅಂದರು. ಹೌದು. ಬೇರೆ ಯಾರೇ ಹೊರಗಿನವರಾಗಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ. ನಿಮ್ಮ ಹೆಸರು ಹೇಳಿದವಳು ನಾನು. ಆ ಮೂರು ತೂಕವನ್ನು ನಾನೇ ನಿಮ್ಮ ಕೈಯಲ್ಲಿ ಇಟ್ಟೆ. ಅಲ್ಲಿ ಕೂತು ಅದು ಅನ್ಯಾಯ ಅಂತ ಹೇಗೆ ಹೇಳಲಿ? ಆ ಅಂಕ ನಾಲಿಗೆಯದಲ್ಲ ಅಂತ ಹೇಳಲು ಹೊರಟರೆ ಮನೆಯ ಮಾತನ್ನೆಲ್ಲ ಆ ಬಿಳಿ ಕಟ್ಟೆಯ ಮೇಲೆ ಹರವಬೇಕಿತ್ತು. ಯಂತ್ರ ಆರಿಸಿ ಚೀಲಕ್ಕೆ ಹಾಕಿಕೊಂಡೆ.

ಹುದ್ದೆಗೆ ಬೇರೆಯವರ ಹೆಸರು ಹೇಳುತ್ತಿದ್ದಾರೆ, ಆದೇಶ ಇನ್ನೂ ಆಗಿಲ್ಲ. ನವೆಂಬರ್ ಕೊನೆಗೆ ತರಬೇತಿ ಮುಗಿಯುತ್ತೆ. ಬಂದು ನಿಮ್ಮ ಎದುರು ಕೂರುತ್ತೇನೆ. ನೀವು ಹೇಳಿದ್ದನ್ನು ಒತ್ತುತ್ತೇನೆ. ನಿಮಗೆ ಬೇಕಾಗಿದ್ದದ್ದು ಇದೇ ತಾನೆ?

ಇಂತಿ,
ಎರಡನೇ ನಂಬರಿನವಳು

*

ಸೆಪ್ಟೆಂಬರ್ 3

ಇವಳೇ,

ಹೌದು, ಅದೇ ಬೇಕಾಗಿತ್ತು. ನಿನ್ನ ಕಾಗದ ಓದಿ ಮೊದಲು ಬಂದ ಯೋಚನೆ ಏನು ಗೊತ್ತಾ? "ನವೆಂಬರಿಗೆ ಬರ್ತಾಳೆ." ಅಷ್ಟೇ. ನಾಚಿಕೆ ಆಮೇಲೆ ಬಂತು, ನಿಧಾನವಾಗಿ ಬಂತು. ಸುಮ್ಮನಿದ್ದರೆ ನೀನು ಬಂದುಬಿಡುತ್ತೀಯ, ನಾನು ಏನೂ ಮಾಡಬೇಕಾಗಿಲ್ಲ. ಎರಡು ದಿನ ಸುಮ್ಮನೆಯೇ ಇದ್ದೆ.

ಎರಡನೇ ನಂಬರಿನ ಪೊಟ್ಟಣ ಇನ್ನೂ ನನ್ನ ಡ್ರಾಯರಿನಲ್ಲಿತ್ತು. ಮನೆಗೆ ತಂದು ಟೀ ಮಾಡಿ, ಏನೂ ಹೇಳದೆ ಅಮ್ಮನಿಗೆ ಕೊಟ್ಟೆ. ಅಮ್ಮ ಲೋಟ ಖಾಲಿ ಮಾಡಿ, "ಇದ್ಯಾರು ಮಾಡಿದ್ದೋ? ಇನ್ನರ್ಧ ಲೋಟ ಹಾಕು" ಅಂದಳು. ಯಾರು ಮಾಡಿದ್ದು ಅಂತ ಹೇಳಿದೆ, ನಾನೇನು ಮಾಡಿದೆ ಅಂತಲೂ ಹೇಳಿದೆ. ಅರ್ಧ ಲೋಟವನ್ನೂ ಮುಗಿಸಿದಳು. ಆಮೇಲೆ, "ನನ್ನ ಟೀಗೆ ಮೂರು ಕೊಟ್ಟಾಗ ನನ್ಮಗ ನಿಜ ಹೇಳ್ದ ಅಂತ ನೆರೆಮನೆಯೋರಿಗೆಲ್ಲ ಹೇಳ್ಕೊಂಡು ತಿರುಗಿದ್ದೆ ಕಣೋ" ಅಂದಳು. ಲೋಟ ತೊಳೆದಿಟ್ಟು ಹೋಗಿ ಮಲಗಿದಳು.

ನಾನೂ ಕುಡಿದೆ. ಉಗುಳಲಿಲ್ಲ, ಪೂರ್ತಿ ಕುಡಿದೆ. ಮೊದಲು ಬಣ್ಣ ಬಂತು, ಅದರ ಹಿಂದೆ ನಮ್ಮ ಹೊಗೆ ಎಲೆ ಮೆಲ್ಲಗೆ ಬಂತು, ಕೊನೆಗೆ ನಾಲಿಗೆಯ ಬದಿಯಲ್ಲಿ ಒಂದು ಸಿಹಿ ನಿಂತಿತು. ಎಂಟು. ಇಷ್ಟು ವರ್ಷದಲ್ಲಿ ನಾನು ಎಂಟು ಕೊಟ್ಟದ್ದು ಎಷ್ಟು ಬ್ಲೆಂಡಿಗೆ ಅಂತ ನಿನ್ನ ಬೆರಳಿಗೇ ಗೊತ್ತು.

ದೊಡ್ಡ ಮೇಡಂಗೆ ಪತ್ರ ಬರೆದಿದ್ದೇನೆ. ಎರಡನೇ ನಂಬರಿಗೆ ನಾನು ಕೊಟ್ಟ ಮೂರು ನಾಲಿಗೆಯಿಂದ ಬಂದದ್ದಲ್ಲ, ಬ್ಲೆಂಡ್ ಇನ್ನೊಬ್ಬರದು ಅಂದುಕೊಂಡು ಹೊಟ್ಟೆಕಿಚ್ಚಿನಿಂದ ಕೊಟ್ಟದ್ದು, ಅದನ್ನು ತೆಗೆದು ಎಂಟು ಹಾಕಿ ಅಂತ. ಮ್ಯಾನೇಜರಿಗೆ ತೋರಿಸಿದೆ. ಬಾಗಿಲು ಹಾಕಿಕೊಂಡು ಬಂದು ಕೂತರು. "ರುಚಿಗಾರ ತನ್ನ ನಾಲಿಗೆ ಸುಳ್ಳು ಹೇಳ್ತು ಅಂತ ಬರ್ಕೊಟ್ರೆ ನಾಳೆಯಿಂದ ನಿನ್ನ ಅಂಕ ಯಾರಯ್ಯ ನಂಬ್ತಾರೆ? ಒಂದ್ ಬ್ಲೆಂಡ್ ಹೋಯ್ತು, ಹೋಗ್ಲಿ. ಹೆಂಡ್ತಿ ವಾಪಸ್ ಬರ್ತಾಳಲ್ಲ" ಅಂದರು. ನಾಲಿಗೆ ಸುಳ್ಳು ಹೇಳಲಿಲ್ಲ ಸಾರ್, ಅದನ್ನು ಕೇಳಲೇ ಇಲ್ಲ ಅಂದೆ.

ಟಪಾಲಿಗೆ ನಾನೇ ಹಾಕಿದೆ. ಡಬ್ಬಿಯೊಳಗೆ ಕೈಬಿಡುವಾಗ ಅದು ನಿನಗೆ ಹುದ್ದೆ ಸಿಗಲಿ ಅಂತಲಾ, ನೀನು ನನ್ನನ್ನು ಬಿಟ್ಟುಹೋಗದಿರಲಿ ಅಂತಲಾ ಅಂತ ನನಗೇ ಗೊತ್ತಾಗಲಿಲ್ಲ. ಎರಡೂ ಒಟ್ಟಿಗೆ ಆಗುವುದಿಲ್ಲ ಅಂತ ಗೊತ್ತಿತ್ತು.

ಇಂತಿ,
ಮೂರು ಕೊಟ್ಟವನು

*

ಅಕ್ಟೋಬರ್ 9

ಇವರಿಗೆ,

ನಿಮ್ಮ ಪತ್ರವನ್ನು ದೊಡ್ಡ ಮೇಡಂ ನನ್ನೆದುರೇ ಓದಿದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಓದಿ ಮುಗಿಸಿ, "ಹೊಟ್ಟೆಕಿಚ್ಚಿನ ಮೂರೂ ಬೇಡ, ಪಶ್ಚಾತ್ತಾಪದ ಎಂಟೂ ಬೇಡ. ಅವರ ಅಂಕವನ್ನೇ ತೆಗೆದುಬಿಡಿ" ಅಂದರು. ಎಂಟು ನಿಜವಾದ ಎಂಟೇ ಅಂತ ನನಗೆ ಗೊತ್ತಿತ್ತು. ಯಂತ್ರವನ್ನು ಮುಂದಕ್ಕೆ ಎಳೆದುಕೊಂಡೆ.

ಒಂದು ಅಂಕವನ್ನು ತೆಗೆಯುವುದು ಹೇಗೆ ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ, ನಿಮ್ಮ ಅಂಕವನ್ನು ತೆಗೆಯುವ ಪ್ರಸಂಗ ನನಗೆ ಯಾವತ್ತೂ ಬಂದಿರಲಿಲ್ಲ. ಚೀಟಿ ತೆರೆದ ದಿನದ ಲೆಕ್ಕ ಯಂತ್ರದಲ್ಲಿ ಹಾಗೇ ಉಳಿದಿತ್ತು, ಎಲ್ಲ ಅಳಿಸಬೇಕಾಗಿಲ್ಲ. ಯಾವ ಅಂಕ, ಯಾವ ತೂಕ ಹಾಕಿದ್ದೆವೋ ಅದನ್ನೇ ಮತ್ತೊಮ್ಮೆ ಹಾಗೇ ಒತ್ತಿ ಸಿಗ್ಮಾ ಮೈನಸ್ ಕೊಡಬೇಕು. ತಪ್ಪನ್ನು ಇನ್ನೊಂದು ಸಲ ಪೂರ್ತಿ ಹೇಳದೆ ಅದು ಹೋಗುವುದಿಲ್ಲ. ಮೂರು ಎಂಟರ್ ಒತ್ತಿದೆ. ಮೂರು ಒತ್ತಿದೆ. ಮೈನಸ್ ಒತ್ತುವ ಮೊದಲು ಸ್ವಲ್ಪ ಹೊತ್ತು ಬೆರಳು ನಿಂತಿತು. ಸೊರ್ ಸಾಹೇಬರು ಕಾದರು. ಒತ್ತಿದೆ. ಪರದೆಯ ಮೇಲೆ ಮೂರು ಹೋಗಿ ಎರಡು ಬಂತು.

ನಿಮ್ಮನ್ನು ತೆಗೆದ ಮೇಲೆ ನನಗೆ ಏಳೂವರೆ ಬಂತು, ಮೂರು ಬ್ಲೆಂಡಿನಲ್ಲಿ ಅದೇ ಹೆಚ್ಚು. ಹುದ್ದೆ ಆಯಿತು. ಕಾಗದ ಕೈಗೆ ಬಂದಿದೆ, ಒಪ್ಪಿಕೊಂಡಿದ್ದೇನೆ. ನಿಮ್ಮನ್ನು ಕೇಳಿ ಒಪ್ಪಿಕೊಳ್ಳಲಿಲ್ಲ. ಒಮ್ಮೆ ಕೇಳಿದ್ದೆ, ಉತ್ತರ ಬಂದಿತ್ತು.

ನಿಮ್ಮನ್ನು ರುಚಿಯ ಕೋಣೆಯಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು ಅಂತ ಅತ್ತೆ ಪಕ್ಕದ ಮನೆಯವರ ಕೈಲಿ ಬರೆಸಿದ್ದಾರೆ. ನೀವು ಬರೆಯಲಿಲ್ಲ. ಓದಿ ನನಗೆ ಸಂತೋಷವಾಗಲಿಲ್ಲ. ಆಗಬೇಕಿತ್ತು, ಆಗಲಿಲ್ಲ. ನಿಮ್ಮನ್ನು ಇಲ್ಲಿಗೆ ಕರೆಯುವಷ್ಟು ಸಿಟ್ಟು ಇಳಿದಿಲ್ಲ. ಬರಬೇಡಿ ಅನ್ನುವಷ್ಟೂ ಉಳಿದಿಲ್ಲ. ಅಂಕ ಒತ್ತಲು ನನ್ನ ಮೇಜಿಗೆ ಇನ್ನೂ ಯಾರನ್ನೂ ಕೊಟ್ಟಿಲ್ಲ, ಎದುರಿನ ಕುರ್ಚಿಯ ಮೇಲೆ ಸದ್ಯಕ್ಕೆ ನನ್ನ ಕೊಡೆ ಇಡುತ್ತೇನೆ.

ಒಂದು ಮಾತು. ಅವತ್ತು ಎಲ್ಲರೂ ಎದ್ದುಹೋದ ಮೇಲೆ, ಯಾರಿಗೂ ತೋರಿಸದೆ, ನಿಮ್ಮ ಎಂಟನ್ನು ನಿಮ್ಮ ಮೂರು ತೂಕದ ಜೊತೆ ಒಮ್ಮೆ ಒತ್ತಿ ನೋಡಿದೆ. ಏಳು ಪಾಯಿಂಟ್ ಎಂಟು ಬಂತು. ನೀವಿಲ್ಲದ್ದಕ್ಕಿಂತ ಇದ್ದದ್ದು ಸ್ವಲ್ಪ ಹೆಚ್ಚು. ಇನ್ನೂ ಅಳಿಸಿಲ್ಲ, ಆಫೀಸಿನ ಯಂತ್ರದಲ್ಲೇ ಕೆಲಸ ಸಾಗಿಸುತ್ತಿದ್ದೇನೆ. ಅದರ ಗುಂಡಿಗಳು ಗಟ್ಟಿ, ಕೈ ನೋಯುತ್ತೆ, ನಾಳೆ ನಾಡಿದ್ದರಲ್ಲಿ ಅಳಿಸಬೇಕಾಗುತ್ತೆ.

ಇಂತಿ,
ನಾನು

*

ಅಕ್ಟೋಬರ್ 14

ಇವಳೇ,

ಈಗ ನನ್ನ ಕೆಲಸ ತಕ್ಕಡಿಯ ಮುಂದೆ ನಿಂತು ಪೊಟ್ಟಣ ತೂಗುವುದು. ಅಂಕ ಯಾರೂ ಕೇಳುವುದಿಲ್ಲ, ತೂಕ ಸರಿಯಿದ್ದರೆ ಆಯಿತು. ಒಳಗಿನ ಪುಡಿ ಹೇಗಿದೆ ಅಂತ ಮೂಗಿಗೆ ಗೊತ್ತಾಗುತ್ತೆ, ಹೇಳಲು ಬಾಯಿ ತೆರೆದು ಮುಚ್ಚಿಕೊಳ್ಳುತ್ತೇನೆ.

ಸಂಜೆ ಕನ್ನಡಕದವರು ನನಗೆ ಕ್ಯಾಲ್ಕುಲೇಟರ್ ಕಲಿಸುತ್ತಿದ್ದಾರೆ. ಇಷ್ಟು ವರ್ಷ ಎದುರು ಕೂತಿದ್ದೆ, ಒಂದು ದಿನವೂ ಅದರ ಮೇಲೆ ಬೆರಳಿಟ್ಟವನಲ್ಲ. ಅವರು ಅಂಕ ಹೇಳುತ್ತಾರೆ, ನಾನು ಒತ್ತುತ್ತೇನೆ. ಮೊನ್ನೆ ಅವರು "ಏಳು" ಅಂದಾಗ ಎದ್ದು ನಿಂತೆ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮೊದಲ ದಿನ ನನ್ನದೂ ಹತ್ತಕ್ಕೆ ನೂರಾ ಹತ್ತು ಬಂತು. ಈಗ ತಪ್ಪುವುದಿಲ್ಲ, ಅಂಕ ಮೊದಲು, ತೂಕ ಆಮೇಲೆ. ಆದರೆ ಅವರು ಬೇಗ ಬೇಗ ಹೇಳಿದರೆ ಬೆರಳು ತೊಡರುತ್ತೆ, ಬೆವರು ಬರುತ್ತೆ. ನೀನು ಇಷ್ಟು ವರ್ಷ ಒಂದು ಸಲವೂ "ಸ್ವಲ್ಪ ತಾಳಿ" ಅನ್ನಲಿಲ್ಲವಲ್ಲ, ಯಾಕೆ?

ಹದಿನೈದು ದಿನ ರಜೆ ಬರೆದುಕೊಟ್ಟಿದ್ದೇನೆ. ಅಮ್ಮ ತನ್ನ ತಂಗಿಯ ಮನೆಗೆ ಹೊರಟಿದ್ದಾಳೆ, ಹೊರಡುವ ಮೊದಲೇ ನನ್ನ ಬಟ್ಟೆಯನ್ನೂ ಮಡಿಸಿಟ್ಟಿದ್ದಾಳೆ. ನೀನು ಕರೆಯಲಿಲ್ಲ, ಗೊತ್ತು. ಮುಖ ನೋಡಿ ಬೇಡ ಅಂದರೆ ಅದೇ ರೈಲಿಗೆ ವಾಪಸ್ ಬರುತ್ತೇನೆ. ಬೇಡ ಅನ್ನದಿದ್ದರೆ ಕೊಡೆಯನ್ನು ಮೂಲೆಗಿಟ್ಟು ಆ ಕುರ್ಚಿಯಲ್ಲಿ ಕೂರುತ್ತೇನೆ. ನೀನು ಅಂಕ ಹೇಳು, ನಾನು ಒತ್ತುತ್ತೇನೆ. ನನಗಾಗಿ ಕಾಯಬೇಡ. ಒಂದಾದ ಮೇಲೊಂದು ಹೇಳಿಕೊಂಡು ಹೋಗು, ನಾನು ಹಿಂದೆ ಓಡಿಬರುತ್ತೇನೆ. ಓಡಿದರೆ ಹೇಗಿರುತ್ತೆ ಅಂತ ನನಗೂ ಗೊತ್ತಾಗಲಿ.

ಆ ಏಳು ಪಾಯಿಂಟ್ ಎಂಟನ್ನು ನೀನು ಇಷ್ಟು ಹೊತ್ತಿಗೆ ಅಳಿಸಿರುತ್ತೀಯ. ಅಳಿಸು, ಕೈ ನೋಯಿಸಿಕೊಳ್ಳಬೇಡ. ಅಳಿಸಿಯೇ ಶುರು ಮಾಡಬೇಕು.

ಹೊಟ್ಟೆಕಿಚ್ಚು ಪೂರ್ತಿ ಹೋಯಿತು ಅಂತ ಬರೆಯೋಣ ಅಂತಿದ್ದೆ. ಬರೆದರೆ ಅದು ಇನ್ನೊಂದು ಸುಳ್ಳು ಅಂಕ ಆಗುತ್ತೆ. ನಿನ್ನ ಬೆರಳು ನಿಂತಾಗ ಕಾದರಲ್ಲ ಆ ಮನುಷ್ಯ, ಅವರ ಮೇಜು ನಿನ್ನ ಮೇಜಿಗೆ ಎಷ್ಟು ಹತ್ತಿರ?

ಇಂತಿ,
ಒತ್ತಲು ಕಲಿಯುತ್ತಿರುವವನು